ಒಂದು ತಿಂಗಳ ಮಾತ್ರೆ

ಚಿಕ್ಕಮ್ಮನಿಗೆ ನಮಸ್ಕಾರ. ಕೆಮ್ಮು ನಿಂತಿದೆ, ಕಾಯಿಸಿದ ನೀರನ್ನೇ ಕುಡಿಯುತ್ತಿದ್ದೇನೆ.

ಫಾರ್ಮಸಿ ಕಾಲೇಜಿನಿಂದ ನಾವು ಆರು ಜನ ಮೂರು ವಾರಕ್ಕೆಂದು ಬಂದಿರುವ ಈ ದವಾಖಾನೆಯಲ್ಲಿ ಔಷಧಿ ಕೊಡುವವರು ಒಬ್ಬ ಹಿರಿಯ ಕಾಂಪೌಂಡರು. ಹೃದಯದ ತೊಂದರೆಯಿರುವ ಒಬ್ಬ ಹೆಂಗಸು ಪ್ರತಿ ಸೋಮವಾರ ಎರಡು ಗಂಟೆ ನಡೆದು ಬರುತ್ತಿದ್ದರು. ಕಾಂಪೌಂಡರು ಏಳೇ ಮಾತ್ರೆ ಕೊಡುತ್ತಿದ್ದರು. ಡಾಕ್ಟರ ಚೀಟಿಯಲ್ಲಿ ಒಂದು ತಿಂಗಳಿಗೆ ಎಂದಿತ್ತು, ಕಪಾಟಿನಲ್ಲಿ ಮಾತ್ರೆಯೂ ಇತ್ತು. ಹೋದ ಸೋಮವಾರ ಕಾಂಪೌಂಡರು ಊಟಕ್ಕೆ ಹೋದಾಗ ನಾನು ಮೂವತ್ತು ಕೊಟ್ಟು ಕಳಿಸಿದೆ. ಆಕೆ ನನ್ನ ಕೈ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ" ಎಂದರು. ಕಾಲೇಜಿನಿಂದ ನಮ್ಮ ಜೊತೆ ಬಂದಿರುವ ಮೇಡಂ ಕೂಡ ಭೇಷ್ ಎಂದರು.

ಊಟ ಮುಗಿಸಿ ಬಂದ ಕಾಂಪೌಂಡರು ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಬರೀ ಮಾತ್ರೆಗೆ ಕರೆಸ್ತಿದ್ದೆ ಅಂದ್ಕೊಂಡ್ಯಾ ತಾಯಿ? ವಾರಕ್ಕೊಮ್ಮೆ ಕಾಲು ಒತ್ತಿ ನೋಡ್ತಿದ್ದೆ. ಹೃದಯ ಸೋತ್ರೆ ಕಾಲು ಬಾತುಕೊಳ್ಳತ್ತೆ. ಬಾವು ಏರಿದ್ರೆ ಆವತ್ತೇ ಡಾಕ್ಟ್ರ ಮುಂದೆ ಕೂರಿಸ್ತಿದ್ದೆ. ಇನ್ನು ಯಾರು ನೋಡ್ತಾರೆ, ನಿನ್ನ ಪುಸ್ತಕಾನಾ?"

"ಎರಡು ಗಂಟೆ ನಡೀಬೇಕಲ್ಲ ಸರ್?"

"ನಡೀಬೇಕು. ಅದೂ ನಿಜವೇ" ಎಂದರು.

ಈ ಸೋಮವಾರ ಆಕೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆದರೂ ಬಾಗಿಲಲ್ಲಿ ಯಾರು ಬಂದರೂ ಮೊದಲು ಅವರ ಪಾದ ನೋಡುತ್ತೇನೆ. ನಾನು ಮಾಡಿದ್ದು ಉಪಕಾರವೋ ಅಪಕಾರವೋ ತಿಳಿಯುತ್ತಿಲ್ಲ. ನಾವು ಹೊರಡುವುದು ಶನಿವಾರ. ಆಕೆಯ ಮಾತ್ರೆ ಮುಗಿಯುವುದು ಅದಾಗಿ ಹದಿನೆಂಟು ದಿನಕ್ಕೆ.

ಅಂಚೆಯವರು ಹೊರಗೆ ಕಾಯುತ್ತಿದ್ದಾರೆ. ಚಿಕ್ಕಪ್ಪನಿಗೂ ಓದಿ ಹೇಳಿ.

ನಿಮ್ಮ ಅಕ್ಕನ ಮಗಳು