ಎರಡೂ ಕಣ್ಣು ಸಮ ಇದೆಯಾ?

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ತಡವಾಯಿತು, ಬೈದುಕೋ. ಊರಿಗೆಲ್ಲ ಕರಪತ್ರ ಬರೆಯುವವನಿಗೆ ತಂಗಿಗೊಂದು ಪತ್ರ ಬರೆಯಲು ಪುರುಸೊತ್ತಿಲ್ಲವೇ ಎಂದು ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ನರ್ಸಿಂಗ್ ಪರೀಕ್ಷೆ ಹೇಗಾಯಿತು? ಹಾಸ್ಟೆಲಿನ ಊಟ ಸುಧಾರಿಸಿತೇ? ಅಮ್ಮ ಚೆನ್ನಾಗಿದ್ದಾಳೆ. ನಾನು ಟೈರ್ ಅಂಗಡಿಯಲ್ಲೇ ಇದ್ದೇನೆ. ಮಾಲೀಕರು ಈಗ ನನ್ನ ಹೆಸರನ್ನೇ ಮರೆತಿದ್ದಾರೆ. “ಏ ಭಾಷಣ, ಆ ಪಂಕ್ಚರ್ ನೋಡೋ” ಅನ್ನುತ್ತಾರೆ.

ಕಳೆದ ವಾರ ಅಪ್ಪನನ್ನು ಬೆಟ್ಟದ ಮೇಲಿನ ದೊಡ್ಡ ಆಂಜನೇಯನ ಹತ್ತಿರ ಕರೆದುಕೊಂಡು ಹೋಗಿದ್ದೆ. ದೇವರೆಂದರೆ ಉರಿದುಬೀಳುವ ಅಣ್ಣ ಅಲ್ಲಿಗೇಕೆ ಹೋದ ಎಂದು ನಗಬೇಡ. ಆ ಮುಖಕ್ಕೆ ಗಾರೆ ಮಾಡಿದ್ದು ಅಪ್ಪ. ಮೂರ್ತಿಯ ಬಲಗಣ್ಣು ಮುಗಿಸುವ ಹೊತ್ತಿಗೆ ಸಿಮೆಂಟಿನ ನೀರು ಅವರ ಎರಡೂ ಕಣ್ಣಿಗೆ ಚಿಮ್ಮಿತು. ರಕ್ಷಣೆಗೊಂದು ಕನ್ನಡಕವನ್ನೂ ಕೊಡದ ಗುತ್ತಿಗೆದಾರ “ತೊಳ್ಕೊಂಡ್ರೆ ಹೋಗುತ್ತೆ” ಎಂದ. ಇಷ್ಟು ನಿನಗೆ ಗೊತ್ತು. ಆಮೇಲಿನದು ನನಗೂ ತಿಳಿದದ್ದು ಬೆಟ್ಟದ ಬಸ್ಸಿನಲ್ಲಿ. ಎಲ್ಲವೂ ಮಂಜಾಗಿ ಕಾಣುತ್ತಿದೆ ಎಂದರೆ ಕೆಲಸದಿಂದ ಕಳಿಸಿಬಿಡುತ್ತಾರೆಂದು ಅಪ್ಪ ಯಾರಿಗೂ ಹೇಳದೆ ಮತ್ತೆ ಬೊಂಬಿನ ಸಾರವೆ ಹತ್ತಿದ್ದರು. ಮೂರ್ತಿಯ ಬಲಗಣ್ಣನ್ನು ಅಂಗೈಯಿಂದ ಸವರಿ, ಅದೇ ಅಂದಾಜಿನಲ್ಲಿ ಎಡಗಣ್ಣು ಮಾಡಿದರಂತೆ. ಅದು ಮುಗಿಯುವಷ್ಟರಲ್ಲಿ ಅವರ ದೃಷ್ಟಿಯೂ ಮುಗಿದಿತ್ತು.

ನಾನೊಂದು ಫಲಕ ಬರೆದು ಕಾಗದದಲ್ಲಿ ಸುತ್ತಿ ಒಯ್ದಿದ್ದೆ: “ಈ ಕಣ್ಣು ಮಾಡಿದವನ ಕಣ್ಣು ಹೋಯಿತು. ಹೊಣೆ ಯಾರು?” ಮೂರ್ತಿಯ ಪಾದದ ಬಳಿ ಅಪ್ಪ ಅದನ್ನು ಹಿಡಿದು ನಿಲ್ಲಬೇಕು, ನಾನು ಮಾತಾಡಬೇಕು. ಮನೆಯಲ್ಲಿ ಕೇಳಿದಾಗ ಅಪ್ಪ “ಹೋಗೋಣ ನಡಿ” ಎಂದಿದ್ದರು. ಒಪ್ಪಿದರು ಎಂದುಕೊಂಡೆ.

ಮೇಲೆ ಜನವೋ ಜನ. ಆಂಜನೇಯನ ಹೆಬ್ಬೆರಳೇ ನನ್ನ ಎದೆಮಟ್ಟಕ್ಕಿತ್ತು. ಫಲಕ ಬಿಚ್ಚಲು ಹೋದರೆ ಅಪ್ಪ ನನ್ನ ಭುಜ ಒತ್ತಿದರು.

“ಅದನ್ನ ಆಮೇಲೆ ತೆಗಿ. ಮೊದ್ಲು ನೋಡಿ ಹೇಳು, ಎರಡೂ ಕಣ್ಣು ಸಮ ಇದೆಯಾ?”

ಕತ್ತೆತ್ತಿ ನೋಡಿದೆ. ಎಡಗಣ್ಣು ಕೆನ್ನೆಯ ಕಡೆಗೆ ಜಾರಿತ್ತು. ಅಷ್ಟು ದೊಡ್ಡ ದೇವರಿಗೆ ಆ ಒಂದು ಕಣ್ಣಲ್ಲಿ ಮಾತ್ರ ನಿದ್ದೆ ಬಂದ ಹಾಗೆ. ಅಪ್ಪ ನನ್ನ ಭುಜದ ಮೇಲಿನ ಕೈ ತೆಗೆಯದೆ ಕಾಯುತ್ತಿದ್ದರು.

“ದಾರ ಹಿಡಿದ ಹಾಗೆ ಸಮ ಇದೆ ಅಪ್ಪಾ” ಎಂದೆ.

ಅವರ ಬೆನ್ನು ನೆಟ್ಟಗಾಯಿತು ಕಣೇ! ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಹೆಂಗಸಿಗೆ, “ಆ ಕಣ್ಣು ಮಾಡಿದ್ದು ನಾನೇ ಕಣಮ್ಮಾ” ಎಂದರು. ಅಲ್ಲೇ ಗಿರಾಕಿ ಹುಡುಕುತ್ತಿದ್ದ ಫೋಟೋದವನು ತಿರುಗಿದ.

“ಓಹೋ, ಆ ಸೊಟ್ಟಗಣ್ಣು ನಿಮ್ಮ ಕೈಚಳಕಾನಾ ಯಜಮಾನ್ರೇ? ಅದು ಕಾಣದೇ ಇರ್ಲಿ ಅಂತ ದಿನಾ ಜನಾನ ಈ ಕಡೆ ನಿಲ್ಲಿಸಿ ನಿಲ್ಲಿಸಿ ನಂಗೆ ಸಾಕಾಗಿದೆ!”

ಸುತ್ತಲಿನವರೆಲ್ಲ ನಕ್ಕರು. ನಾನು ಅವನ ಕಾಲರ್ ಹಿಡಿದೆ. ಗುತ್ತಿಗೆದಾರ, ಬಂಡವಾಳ, ಬೆವರು ಎಂದು ಬಾಯಿಗೆ ಬಂದದ್ದೆಲ್ಲ ಕೂಗಿದೆ. ಕೆಲವರು ಅದನ್ನೂ ಫೋಟೋ ತೆಗೆದುಕೊಂಡರು. ಅಪ್ಪ ಮಾತ್ರ “ಬಿಡೋ ಅವನ್ನ, ಹೋಗೋಣ” ಎಂದರು. ಫಲಕ ಬಿಚ್ಚಲೇ ಇಲ್ಲ.

ಆ ಗುತ್ತಿಗೆದಾರನನ್ನು ನಾನು ಬಿಡುವುದಿಲ್ಲ. ಕಾರ್ಮಿಕ ಕಚೇರಿಗೆ ದೂರು ಕೊಡುತ್ತೇನೆ. ಅಪ್ಪ ಬೇಡವೆಂದರೂ ಕೊಡುತ್ತೇನೆ.

ಆಶೀರ್ವಾದದಲ್ಲಿ ನನಗೆ ನಂಬಿಕೆಯಿಲ್ಲ, ನಿನಗೆ ಗೊತ್ತು. ಆದರೂ ಅಣ್ಣನಲ್ಲವೇ? ಚೆನ್ನಾಗಿರು, ಹೊಟ್ಟೆ ತುಂಬ ಉಣ್ಣು, ಯಾರೆದುರೂ ತಲೆ ತಗ್ಗಿಸಬೇಡ.

ನಿನ್ನ
ಅಣ್ಣ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಹೇಳಿದರು: “ಅವನು ನಕ್ಕಿದ್ದಕ್ಕೆ ಬೇಜಾರಿಲ್ಲ ಕಣೋ. ಸೊಟ್ಟ ಆಗಿದೆ ಅಂತ ಅವತ್ತೇ ನನ್ನ ಕೈಗೆ ಅನುಮಾನ ಇತ್ತು. ಕೇಳಿದವರೆಲ್ಲ ಚೆನ್ನಾಗಿದೆ ಅಂದ್ರು, ನಾನು ನಂಬಲಿಲ್ಲ. ನೀನಾದ್ರೆ ಮುಲಾಜಿಲ್ದೆ ಹೇಳ್ತೀಯ ಅಂತಾನೇ ನಿನ್ನ ಜೊತೆ ಬಂದೆ.” ಅಷ್ಟೇ. ಬೈಯಲಿಲ್ಲ. ಇವತ್ತು ಬೆಳಿಗ್ಗೆ, ಮಳೆ ನಿಂತಿದೆ ಅಪ್ಪಾ ಎಂದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿದರು.