ಕೌದಿಯ ಹೊಟ್ಟೆ

ಮಾಸೂರು
ಮಂಗಳವಾರ

ಶೈಲಕ್ಕನಿಗೆ ಗಂಗಾಳ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಅವ್ವನಿಗೆ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ. ನಿನ್ನ ಹೊಸ ಮನೆಯ ಗೋಡೆಗೆ ತೂಗುಹಾಕಲು ನೀನು ಕೇಳಿದ್ದ ಕೌದಿ ಮುಗಿಯುತ್ತ ಬಂತು. ಹಳೇ ಸೀರೆಗಳ ಕೌದಿಯೇ ಈಗ ಫ್ಯಾಷನ್ ಅಂದೆಯಲ್ಲ, ಅವ್ವನ ಇಳಕಲ್ ಸೀರೆಗಳನ್ನೇ ಕತ್ತರಿಸಿದೆ. ಹಾಸಿಗೆಯಿಂದ ನೋಡುತ್ತಿದ್ದ ಅವ್ವ, "ಯಾಕ ಗಂಗವ್ವಾ, ನಾ ಇನ್ನ ಉಡೂದಿಲ್ಲೇನು?" ಅಂದಳು. ಈಗ ಅವಳಿಗೆ ನೈಟಿಯೇ ಅನುಕೂಲ, ಪದೇ ಪದೇ ಬದಲಿಸಬೇಕಲ್ಲ. ನಾನು ಇನ್ನೊಂದು ತುಂಡು ಜೋಡಿಸಿ ಹೊಲಿದೆ.

ಒಂದು ಮೂಲೆ ಮಾತ್ರ ಬಾಕಿ ಇದೆ. ಸೂಜಿಯನ್ನು ಅಲ್ಲೇ ಚುಚ್ಚಿಟ್ಟಿದ್ದೇನೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂದು ಅವ್ವ ಕೊನೆಯ ಮೂಲೆಯೊಳಗೆ ಹೋಳಿಗೆ ಚೂರು ಇಟ್ಟೇ ಹೊಲಿಗೆ ಮುಗಿಸುತ್ತಿದ್ದಳಲ್ಲ? ನಾನೂ ನಿನ್ನೆ ಒಂದೇ ಒಂದು ಹೋಳಿಗೆ ಮಾಡಿದ್ದೆ.

"ಇದು ಯಾರಿಗವಾ?" ಎಂದಳು ಅವ್ವ.

"ಶೈಲಕ್ಕನ ಕೌದಿಗೆ" ಎಂದೆ.

"ಶೈಲಾ ಬಂದಾಳೇನು?" ಎನ್ನುತ್ತ ಬಾಗಿಲ ಕಡೆ ನೋಡಿದಳು. ಆಮೇಲೆ ಆ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಅವಳಿಗೇ ತಿನ್ನಿಸಿಬಿಟ್ಟೆ.

ಮತ್ತೆ ಹೂರಣ ರುಬ್ಬುವ ತ್ರಾಣ ನನಗಿಲ್ಲ. ನೀನೇ ಮಾಡಿಕೊಂಡು ಬಾ. ಕಡಲೆಬೇಳೆ ಮೆತ್ತಗೆ ಬೇಯಿಸಿ, ನೀರು ಬಸಿದು, ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕುದಿಸು. ಮಿಕ್ಸರಿನಲ್ಲಿ ರುಬ್ಬಿದರೂ ನಡೆಯುತ್ತದೆ. ಎರಡೇ ಹೋಳಿಗೆ ಸಾಕು. ಒಂದು ಕೌದಿಗೆ. ಇನ್ನೊಂದನ್ನು ಅವ್ವನಿಗೆ ನೀನೇ ಕೂತು ತಿನ್ನಿಸು. ಬಹಳ ನಿಧಾನ ತಿನ್ನುತ್ತಾಳೆ. ಅಷ್ಟೊತ್ತು ನಾನು ಮಲಗುತ್ತೇನೆ.

ನಿನ್ನ ತಂಗಿ
ಗಂಗಾ