ಸೀಟಿನ ಕೆಳಗಿನ ಗೆರೆ

ಭಾಗ್ಯನಗರ, ಕೊಪ್ಪಳ
೮ ಡಿಸೆಂಬರ್ ೨೦೨೪, ಭಾನುವಾರ

ನನ್ನ ಒಬ್ಬನೇ ಒಬ್ಬ ಗೌರೀಶಣ್ಣನಿಗೆ,

ಹೇಗಿದ್ದೀಯಾ? ಕುತ್ತಿಗೆ ನೋವು ಕಡಿಮೆಯಾಯಿತಾ? ಹುಬ್ಬಳ್ಳಿಯ ಚಳಿಗೆ ಬೆಳಿಗ್ಗೆ ಏಳುವಾಗ ಹೆಚ್ಚಾಗುತ್ತದೆ ಎಂದಿದ್ದೆಯಲ್ಲ, ಅವ್ವ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲ ಕಪಾಟಿನಲ್ಲೇ ಇದೆಯೋ? ಮೆಸ್ಸಿನ ರೊಟ್ಟಿ ಈಗಲೂ ಹಪ್ಪಳದ ಹಾಗೇ ಇದೆಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಗುರುವಾರದಿಂದ ನಿನ್ನ ಫೋನ್ ಸ್ವಿಚ್ ಆಫ್. ಮೂವತ್ತೊಂದು ಸಲ ಮಾಡಿದ್ದೇನೆ, ಆಮೇಲೆ ಎಣಿಸುವುದನ್ನು ಬಿಟ್ಟೆ. ಅದಕ್ಕೇ ಕಾಗದ. ಹತ್ತನೇ ಕ್ಲಾಸಿನ ಕನ್ನಡ ಪೇಪರಿನ ನಂತರ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡ. ಈ ಸಲ ಯಾವುದಕ್ಕೂ ನಗಬೇಡ.

ಮೊದಲು ಸಂತೋಷದ ಸುದ್ದಿ. ಮದುವೆಯಾಗಿ ಇವತ್ತಿಗೆ ಇಪ್ಪತ್ತನಾಲ್ಕು ದಿನ! ನಿನ್ನ ಭಾವ ಶರಣಬಸವ ಇದ್ದಾರಲ್ಲ, ಮಾತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯವರು. ಗಿಣಿಗೇರಾದ ಕಾರ್ಖಾನೆಯಿಂದ ಬಂದವರು ಬೂಟು ಬಿಚ್ಚುವ ಮೊದಲೇ ಜೇಬಿನಿಂದ ಏನಾದರೂ ತೆಗೆಯುತ್ತಾರೆ. ಒಂದು ದಿನ ಸೀತಾಫಲ, ಒಂದು ದಿನ ಕ್ಲಿಪ್ಪು, ಒಂದು ದಿನ ಮಂಡಾಳ ಒಗ್ಗರಣೆಯ ಪೊಟ್ಟಣ. ವೆಲ್ಡಿಂಗಿನ ಕಿಡಿ ಹಾರಿ ಮುಂಗೈ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿವೆ. ಎಡಗೈಯಲ್ಲಿ ಹದಿನೇಳು. ನಾನು ಎಣಿಸುವಾಗ ನಾಚಿಕೊಂಡು ಕೈ ಎಳೆದುಕೊಳ್ಳುತ್ತಾರೆ. ಅತ್ತೆ ಹುಲಗಮ್ಮ ನನಗೆ ಇನ್ನೂ ಒಲೆ ಹಚ್ಚಲು ಬಿಟ್ಟಿಲ್ಲ. ಮಾವ ಕನಕಪ್ಪ ದಿನಕ್ಕೆರಡು ಸಲ ಕಾರಿನ ಮೇಲಿನ ಹೊದಿಕೆ ಸರಿಸಿ, ಧೂಳಿಲ್ಲದಿದ್ದರೂ ಒರೆಸಿ, ಹಾದುಹೋಗುವವರಿಗೆಲ್ಲ, "ಬೀಗರು ಕೊಟ್ಟಿದ್ರಿ. ಟೊಯೋಟಾ. ಜಪಾನದ್ದು" ಎನ್ನುತ್ತಾರೆ. ಕೇಳದವರಿಗೂ ಹೇಳುತ್ತಾರೆ. ಹಾಲಿನವನಿಗಂತೂ ಮೂರು ಸಲ ಹೇಳಿದ್ದಾರೆ.

ಆದರೆ ಅಣ್ಣಾ, ಆ ಕಾರಿನಲ್ಲಿ ಇವರು ನಮ್ಮನ್ನು ಕೂರಿಸುತ್ತಿರಲಿಲ್ಲ. ಯಲಬುರ್ಗಾಕ್ಕೆ ಅವ್ವನನ್ನು ನೋಡಲು ರೇಷ್ಮೆ ಸೀರೆ ಉಟ್ಟುಕೊಂಡು, ಮೊಣಕೈವರೆಗೆ ಹಸಿರು ಬಳೆ ತೊಟ್ಟುಕೊಂಡು ಬಸ್ಸಿನಲ್ಲಿ ನಿಂತು ಹೋದೆ. ಅಂಗಳದಲ್ಲಿ ಬಿಳಿ ಕಾರು, ಮದುಮಗಳು ಬಸ್ಸಿನಲ್ಲಿ! ನಾನು ಮುಖ ಊದಿಸಿಕೊಂಡಿದ್ದಕ್ಕೆ ಒಂದೇ ಒಂದು ಸಲ ಹುಲಿಗಿಯ ಅಮ್ಮನ ಗುಡಿಗೆ ಕಾರಿನಲ್ಲಿ ಕರೆದುಕೊಂಡು ಹೋದರು. ನನ್ನೊಬ್ಬಳನ್ನೇ, ಮುಂದಿನ ಸೀಟಿನಲ್ಲಿ. ಅತ್ತೆ ಮಾವ ಹಿಂದೆ ಬಸ್ಸಿನಲ್ಲಿ ಬಂದರು. "ಹೊಸಾ ಹೆಂಡ್ತಿ ಬಂದ್ಳು, ಅವ್ವ ಬಸ್ಸಿಗೆ ಬಿದ್ಳು" ಎಂದು ಅತ್ತೆ ಇಡೀ ಓಣಿಗೆ ಕೇಳುವ ಹಾಗೆ ಹೇಳಿದರು. ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು. ದಾರಿಯುದ್ದಕ್ಕೂ ಮೂವತ್ತರ ವೇಗ. ಹತ್ತಿ ತುಂಬಿದ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿತು. ಕುರಿ ತುಂಬಿದ ಟೆಂಪೋ ಹಿಂದೆ ಹಾಕಿತು. "ಇಳದು ನಡಕೊಂತ ಹೋಗೂಣ್ರಿ, ಜಲ್ದಿ ಮುಟ್ಟತೀವಿ" ಎಂದು ಚುಡಾಯಿಸಿದೆ. ಇವರು ನಗಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಯ ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದರು. ನನ್ನ ಗಂಡ ಪುಕ್ಕಲ ಎಂದುಕೊಂಡೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ನಿನಗೆ ನೆನಪಿದೆಯಾ, ನನ್ನ ಆರನೇ ಕ್ಲಾಸಿನ ಭಾಷಣ ಸ್ಪರ್ಧೆ? ನೀನಾಗ ಟೊಯೋಟಾ ಶೋರೂಮಿನಲ್ಲಿ ಕಾರು ತೊಳೆಯುತ್ತಿದ್ದೆ. ಅಪ್ಪ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಶನಿವಾರ ಊರಿಗೆ ಬಂದವನು ನನ್ನ ತಲೆ ಬಾಚುತ್ತಾ ಹೇಳುತ್ತಿದ್ದೆ: ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನೊಬ್ಬನಿದ್ದ, ಅವನ ತಾಯಿ ಮಗ್ಗದ ಮುಂದೆ ಬೆನ್ನು ಬಾಗಿಸಿ ನೇಯುವುದನ್ನು ನೋಡಿ ನೋಡಿ ಅವನೇ ಹೊಸ ಮಗ್ಗ ಮಾಡಿದ. ಮುಂದೆ ಅವನ ಮಗ್ಗ ಎಂಥ ಮಗ್ಗವಾಯಿತೆಂದರೆ ಒಂದೇ ಒಂದು ಎಳೆ ಹರಿದರೂ ತಾನಾಗಿಯೇ ನಿಂತುಬಿಡುತ್ತಿತ್ತು, ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ಅವನ ಮಗ ಕಾರು ಮಾಡಲು ಹೊರಟ. ಆ ಕಾರ್ಖಾನೆಯಲ್ಲಿ ಯಾವ ಕೆಲಸಗಾರನೇ ಆಗಲಿ, ತಪ್ಪು ಕಂಡರೆ ಹಗ್ಗ ಎಳೆದು ಕಾರು ಜೋಡಿಸುವ ಇಡೀ ಸಾಲನ್ನೇ ನಿಲ್ಲಿಸಬಹುದು. "ತಪ್ಪು ಆಗಲಾರದ ಕಂಪನಿ ಇಲ್ಲ ತಂಗಿ. ಲಕ್ಷಗಟ್ಟಲೆ ಗಾಡಿ ವಾಪಸ್ ಕರಸ್ಯಾರ, ಜಗತ್ತಿನ ಮುಂದ ತಲಿ ಬಾಗಿಸ್ಯಾರ. ಅದಕ್ಕ ಅವರ ಹೆಸರು ಉಳದೈತಿ" ಎನ್ನುತ್ತಿದ್ದೆ. ನಾನು ಅದನ್ನೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಹೇಳಿ ಮೊದಲ ಬಹುಮಾನ ತಂದೆ. ಸ್ಟೀಲಿನ ಟಿಫಿನ್ ಡಬ್ಬಿ! ಅದನ್ನು ನಿನಗೇ ಕೊಟ್ಟೆ. ಭಾಗ್ಯನಗರಕ್ಕೆ ಸೊಸೆಯಾಗಿ ಬಂದ ಮೇಲೆ ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ಕೇಳಿ ನಾನೆಷ್ಟು ಕುಣಿದೆ ಗೊತ್ತಾ? ಆ ಮನೆಯ ಪಕ್ಕೀರವ್ವನಿಗೆ ಕೂತು ಪೂರ್ತಿ ಕಥೆ ಹೇಳಿದೆ. "ಆ ಹುಡುಗನ ತಾಯಿ ಪುಣ್ಯವಂತಿ ಬಿಡವ್ವಾ, ನಮ್ಮ ಹುಡುಗ್ರು ಮಗ್ಗ ಕಂಡ್ರ ಓಡತಾವ" ಎಂದಳು.

ನಿಶ್ಚಿತಾರ್ಥದ ದಿನ ನೀನು ಹಳೇ ಕಾರು ಮಾರುವ ನಿನ್ನ ಹುಬ್ಬಳ್ಳಿ ಯಾರ್ಡಿನಿಂದ ಆ ಬಿಳಿ ಟೊಯೋಟಾ ಇಟಿಯೋಸ್ ತಂದು ನಿಲ್ಲಿಸಿದಾಗ ಬೀಗರ ಮುಂದೆ ನನ್ನ ಎದೆ ಉಬ್ಬಿದ್ದು ನಿನಗೆ ಕಾಣಿಸಿರಬೇಕು. ಇವರ ಮನೆಯವರು ಏನನ್ನೂ ಕೇಳಿರಲಿಲ್ಲ. "ಸೆಕೆಂಡ್ ಹ್ಯಾಂಡ್ ಆದ್ರೂ ಬಂಗಾರ ಐತಿ. ನನ್ನ ತಂಗಿ ಕುಂದ್ರೂ ಗಾಡಿ ನಾ ಹಂಗ ತರತೀನೇನು?" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ, ಮದುಮಗಳೆನ್ನುವುದನ್ನೂ ಮರೆತು.

ಮೊನ್ನೆ ಬುಧವಾರ ಏನಾಯಿತೆಂದರೆ, ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತು (ಓಡಿಸದಿದ್ದರೇನಂತೆ, ಕೂರಬಹುದಲ್ಲ!) ಮಂಡಾಳ ಒಗ್ಗರಣೆ ತಿನ್ನುತ್ತಿದ್ದೆ. ಪೊಟ್ಟಣ ಜಾರಿ ಚೆಲ್ಲಿತು. ಮಾವ ನೋಡುವ ಮೊದಲೇ ಬಳಿಯಬೇಕೆಂದು ಕೆಳಗಿನ ಚಾಪೆ ಎತ್ತಿದೆ, ಅದರ ಕೆಳಗಿನ ದಪ್ಪ ಬಟ್ಟೆಯನ್ನೂ ಎತ್ತಿದೆ. ಈ ಬಾಗಿಲಿನಿಂದ ಆ ಬಾಗಿಲಿಗೆ ಕಬ್ಬಿಣದ ಮೇಲೆ ಒಂದು ಗೆರೆ, ಬೆರಳಿನಷ್ಟು ದಪ್ಪ, ಉಬ್ಬುಬ್ಬಾಗಿ, ಮೇಲೆ ಬಣ್ಣ ಬಳಿದದ್ದು. ಗಟ್ಟಿಯಾಗಿರಲೆಂದು ಜಪಾನಿನವರು ಮಾಡಿದ ಏನೋ ವಿಶೇಷ ಡಿಸೈನ್ ಎಂದುಕೊಂಡೆ, ನಿನ್ನಾಣೆ. ಕೆಲಸದಿಂದ ಬಂದವರನ್ನು ಕೈ ಹಿಡಿದು ಎಳೆದು ತೋರಿಸಿದೆ. ಇವರು ಬಾಗಿ ನೋಡಲೂ ಇಲ್ಲ. ನಿಂತಲ್ಲೇ, "ಅದು ಬೆಸುಗಿ. ಛಲೋ ಕೈಯಾಂದೂ ಅಲ್ಲ" ಎಂದರು. ಮುಂದಿನ ಅರ್ಧ ಒಂದು ಕಾರಿನದು, ಹಿಂದಿನ ಅರ್ಧ ಇನ್ನೊಂದರದು. ಹಿಂದೆ ಗುದ್ದಿಸಿಕೊಂಡದ್ದನ್ನೂ ಮುಂದೆ ಗುದ್ದಿಸಿಕೊಂಡದ್ದನ್ನೂ ನಡುವೆ ಕೊಯ್ದು, ಉಳಿದ ಒಳ್ಳೆಯ ಭಾಗಗಳನ್ನು ಕೂಡಿಸಿದ್ದಾರೆ. ಜೋರಾಗಿ ಏನಾದರೂ ಬಡಿದರೆ ಆ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ಇವರಿಗೆ ಗೊತ್ತಾದದ್ದು ಮದುವೆಗೆ ಎರಡು ವಾರ ಮೊದಲು. "ದಿನಾ ಎಂಟ್ ತಾಸು ಕಬ್ಬಿಣ ಕೂಡಸಾಂವಗ ಗೊತ್ತಾಗಂಗಿಲ್ಲೇನು? ಲಗ್ನಪತ್ರಿಕಿ ಹಂಚಿದ್ವಿ. ಪಾಪ, ನಿಮ್ಮಣ್ಣಗ ಯಾರೋ ಮೋಸ ಮಾಡ್ಯಾರ, ಮಂದ್ಯಾಗ ಅವನ ಮಾರಿ ಸಣ್ಣದಾಗೂದು ಬ್ಯಾಡ ಅಂತ ಬಿಟ್ಟೆ. ಮುಂದ ನಾನ ಸವಕಾಶ ಹೇಳಾಂವ ಇದ್ದೆ" ಎಂದರು. ಪಾಪ ಎಂದರು ಅಣ್ಣಾ, ನಿನಗೆ.

ನನಗೂ ಹಾಗೇ ಅನ್ನಿಸಿತು. ಅದಕ್ಕೇ ಗುರುವಾರ ಬೆಳಿಗ್ಗೆ ಅಳುತ್ತಾ ನಿನಗೆ ಫೋನ್ ಮಾಡಿದ್ದು. ಯಾರೋ ನನ್ನಣ್ಣನನ್ನು ಮೋಸಗೊಳಿಸಿದ್ದಾರೆ, ಅವರ ಕೊರಳಪಟ್ಟಿ ಹಿಡಿಯಬೇಕು ಎಂದು ಕುದಿಯುತ್ತಿದ್ದೆ. ನೀನು ಗಾಬರಿಯಾಗಲಿಲ್ಲ. ಹೌದೇನು ಎನ್ನಲಿಲ್ಲ. ನೀನು ಕೇಳಿದ ಮೊದಲ ಮಾತು, "ಯಾರಿಗರೆ ಹೇಳಿದ್ಯೇನು?" ನಿನಗೆ ಮೊದಲೇ ಗೊತ್ತಿತ್ತೆಂದು ನನಗೆ ಅಲ್ಲೇ ತಿಳಿಯಿತು. ಆಮೇಲೆ ಎಷ್ಟು ಸಲೀಸಾಗಿ ಹೇಳಿದೆ! "ಗಪ್ಪ ಇರು. ಗಾಡಿ ಹುಡಕಾಕತ್ತ ಕುಷ್ಟಗಿ ಪಾರ್ಟಿ ಐತಿ, ಮುಂದಿನ ಗುರುವಾರ ಅಲ್ಲೇ ಕಳಸತೀನಿ. ಇದನ್ನ ಅವರಿಗೆ ಹೊಂದಿಸಿ ನಿನಗ ಬ್ಯಾರೆ ಗಾಡಿ ತಂದು ಕೊಡತೀನಿ. ನೀ ನಕ್ಕೋಂತ ಚಾ ಕೊಡು, ಕೀಲಿ ಕೊಡು. ಆ ಮಗ್ಗದ ಕಥಿ ಹೇಳು. ನೀ ಹೇಳಿದ್ರ ಮಂದಿ ಭಾಳ ನಂಬತಾರ."

ಅಣ್ಣಾ, ಆ ಕಥೆಯನ್ನು ನೀನು ಗಿರಾಕಿಗಳಿಗೆಲ್ಲ ಹೇಳುತ್ತೀಯಾ? ನನ್ನ ತಲೆ ಬಾಚುತ್ತಾ ಹೇಳಿದ ಕಥೆಯನ್ನೇ? ಮೂರು ದಿನದಿಂದ ಒಂದೇ ಯೋಚನೆ: ಮೊದಲು ಅದು ನನ್ನ ಕಥೆಯಾಗಿದ್ದು ಆಮೇಲೆ ಯಾರ್ಡಿಗೆ ಹೋಯಿತೋ, ಅಥವಾ ನೀನು ಶೋರೂಮಿನಲ್ಲಿ ಕಲಿತದ್ದನ್ನು ನನ್ನ ಮೇಲೆ ತಾಲೀಮು ಮಾಡುತ್ತಿದ್ದೆಯೋ? ಮೊದಲನೆಯದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಆ ಕಂಪನಿಯವರದು ಇದರಲ್ಲಿ ಏನೂ ತಪ್ಪಿಲ್ಲ. ಅವರು ಎರಡು ಇಡೀ ಕಾರು ಮಾಡಿ ಕಳಿಸಿದ್ದರು. ಕೊಯ್ದು ಒಂದು ಮಾಡಿದವರು ನಾವು. ಅಷ್ಟು ದೂರದ ಊರಿನವರು ನೂರು ವರ್ಷದಿಂದ ಉಳಿಸಿಕೊಂಡು ಬಂದ ಹೆಸರನ್ನು ನೀನು ಬಣ್ಣದ ಹಾಗೆ ಆ ಗೆರೆಯ ಮೇಲೆ ಬಳಿದೆ. ಗೊತ್ತಿದ್ದೂ ನನ್ನನ್ನು ಅದರಲ್ಲಿ ಕೂರಿಸಿದೆ. ಒಂದು ಸಲವಾದರೂ, "ತಂಗಿ, ಹಿಂದಿನ ಸೀಟಿನಾಗ ಕುಂದ್ರಬ್ಯಾಡ" ಎನ್ನಬಹುದಿತ್ತಲ್ಲ! ಅದನ್ನು ನೋಡಿಕೊಂಡವರು ಎರಡು ತಿಂಗಳ ಪರಿಚಯದ ಇವರು. ತಲೆ ಬಾಚಿದವನಲ್ಲ.

ಮಾವನಿಗೆ ಇನ್ನೂ ಗೊತ್ತಿಲ್ಲ. ಇವರು, "ನಿನ್ನ ಅಣ್ಣ, ನೀನ ವಿಚಾರ ಮಾಡು" ಎಂದು ನನ್ನ ಮೇಲೇ ಬಿಟ್ಟಿದ್ದಾರೆ. ನನಗೆ ಧೈರ್ಯವಿಲ್ಲ. ಹೇಳಿದರೆ ಇಡೀ ಓಣಿಯಲ್ಲಿ ನಿನ್ನ ಹೆಸರು ಹೋಗುತ್ತದೆ, ಅವ್ವ ತಲೆ ಎತ್ತಿ ಓಡಾಡುವುದಿಲ್ಲ. ಹೇಳದಿದ್ದರೆ ಕುಷ್ಟಗಿಯ ಯಾರೋ ಅದರಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುತ್ತಾರೆ. ಗುರುವಾರದೊಳಗೆ ನೀನೇ ಅವರಿಗೆ ಫೋನ್ ಮಾಡಿ ಬೇಡವೆನ್ನು. ನನ್ನ ಬಾಯಿಂದ ಹೇಳಿಸಬೇಡ. ಇಷ್ಟೇ ಕೇಳುವುದು. ಹಾಗೆ ಮಾಡಿದರೆ ಉಳಿದದ್ದನ್ನೆಲ್ಲ ನಾನು ಮರೆಯುತ್ತೇನೆ. ಮರೆಯಲು ಪ್ರಯತ್ನಿಸುತ್ತೇನೆ.

ಅತ್ತೆ ಮಾವ ನಿನ್ನನ್ನು ಕೇಳಿದ್ದಾರೆ. ಮಾವ ದಿನಾ ಕೇಳುತ್ತಾರೆ, ಅದೇ ಹೆಚ್ಚು ಚುಚ್ಚುತ್ತದೆ. ಇವರ ನಮಸ್ಕಾರ. ಹೊಟ್ಟೆ ತುಂಬ ಊಟ ಮಾಡು, ಎಣ್ಣೆ ಹಚ್ಚಿಕೋ.

ಇನ್ನೂ ನಿನ್ನ ತಂಗಿಯೇ ಆದ,
ಸುರೇಖಾ

ಮರೆತ ಮಾತಲ್ಲ, ಈಗ ನಡೆದದ್ದು: ಕಾಗದ ಮಡಿಸುತ್ತಿದ್ದೆ, ಅಷ್ಟರಲ್ಲೇ ಕುಷ್ಟಗಿಯವರು ಬಂದರು. ಭಾನುವಾರ ಶಾಲೆಗೆ ರಜೆ ಎಂದು ನಾಲ್ಕು ದಿನ ಮೊದಲೇ. ಶಹನಾಜಬೇಗಂ ಎಂಬ ಟೀಚರು, ಅವರ ತಾಯಿ ಅಮೀನಾಬೀ. ಮುದುಕಿಯ ತೊಡೆಯ ಮೇಲೆ ಕಾರಿಗೆಂದು ತಂದ ಚೆಂಡುಹೂವಿನ ಹಾರ. ನೀನು ಹೇಳಿದಂತೆ ನಕ್ಕೆ, ಚಹಾ ಕೊಟ್ಟೆ, ಕೀಲಿ ಕೈಯಲ್ಲೇ ಇತ್ತು. ಅಮೀನಾಬೀ ನನ್ನ ಗಲ್ಲ ಹಿಡಿದು, "ನಿಮ್ಮಣ್ಣ ಭಾಳ ಛಲೋ ಮನಶ್ಯಾ ಅದಾನವ್ವಾ. ತಂಗಿ ಕುಂತ ಗಾಡಿ ಐತಿ, ಕಣ್ಣ ಮುಚ್ಚಿ ತಗೋರಿ ಅಂದ" ಎಂದರು. ನಾನು ಕಾರಿನ ಬಾಗಿಲು ತೆಗೆದು ಚಾಪೆ ಎತ್ತಿಬಿಟ್ಟೆ. ಇವರು ಗೆರೆಯ ಮೇಲೆ ಬೆರಳಿಟ್ಟು ಎಲ್ಲ ತಿಳಿಸಿ ಹೇಳಿದರು. ಮಾವ ಕಟ್ಟೆಯ ಮೇಲೆ ಕೂತವರು ಇನ್ನೂ ಎದ್ದಿಲ್ಲ. ಶಹನಾಜಬೇಗಂ ತಕ್ಷಣ ಫೋನ್ ತೆಗೆದರು. ಗಂಗಾವತಿಯ ಅವರ ಅಕ್ಕನ ಗಂಡ ದಸರಾದಲ್ಲಿ ನಿನ್ನ ಕೈಯಿಂದಲೇ ಇಂಥದೇ ಕಾರು ತೆಗೆದುಕೊಂಡಿದ್ದಾರಂತೆ. ಮಕ್ಕಳನ್ನು ಕರೆದುಕೊಂಡು ಸಿಂಧನೂರಿಗೆ ಹೊರಟಿದ್ದರು. ದಾರಿಯಲ್ಲೇ ನಿಲ್ಲಿಸಿ ಚಾಪೆ ಎತ್ತಿಸಿದೆವು. ಅದರಲ್ಲೂ ಇದೆ. ಎಲ್ಲರೂ ಇಳಿದು ಬಸ್ಸಿಗೆ ಕಾಯುತ್ತಿದ್ದಾರೆ. ನಿನ್ನ ಯಾರ್ಡಿನ ವಿಳಾಸ ಕೇಳಿದರು. ಕೊಟ್ಟೆ. ನಿನ್ನ ರೂಮಿನದೂ ಕೊಟ್ಟೆ. ಮುಂದಿನ ಭಾನುವಾರ ಬರುತ್ತಾರೆ, ಅಲ್ಲಿಂದ ಪೊಲೀಸ್ ಠಾಣೆಗೆ. ಇವರೂ ಬರುತ್ತಾರೆ, ನಾನೂ ಬರುತ್ತೇನೆ. ಅಷ್ಟರೊಳಗೆ ಆ ಯಾರ್ಡಿನಿಂದ ಇಂಥ ಕಾರು ಯಾರ್ಯಾರಿಗೆ ಕೊಟ್ಟಿದ್ದೀಯೋ ಎಲ್ಲರಿಗೂ ಫೋನ್ ಮಾಡಿ ಹೇಳು, ಹೆಸರು ಬರೆದಿಡು, ಒಬ್ಬರನ್ನೂ ಬಿಡಬೇಡ. ಮೊದಲ ಹೆಸರು ನನ್ನದು ಬರಿ.